ಲಂಡನ್‌ನಲ್ಲಿ ಅಮ್ಮನ ಜೊತೆ ಆರು ದಿನ: ಕೈ ಸುಟ್ಟುಕೊಳ್ಳದೆ ಊರು ನೋಡಿದ್ದು

ಈಗ ನೀವು ವಿಡಿಯೊದಲ್ಲಿ ನೋಡುತ್ತಿರುವುದು ಡಬಲ್ ಡೆಕರ್ ಬಸ್ಸಿನ ಮೇಲಿನ ಮಹಡಿ. ಮುಂದಿನ ಸೀಟು. ಗಾಜಿಗೆ ಹಣೆ ಒತ್ತಿ ಕೂತಿರುವವರು ನಮ್ಮಮ್ಮ. ಇದು 15ನೇ ನಂಬರ್ ಬಸ್. ಟ್ರಫಾಲ್ಗರ್ ಸ್ಕ್ವೇರ್ ಹತ್ತಿರ ಹತ್ತಿದೆವು. ಫ್ಲೀಟ್ ಸ್ಟ್ರೀಟ್ ದಾಟಿ, ಸೇಂಟ್ ಪಾಲ್ಸ್ ಚರ್ಚಿನ ದೊಡ್ಡ ಗುಮ್ಮಟದ ಪಕ್ಕದಲ್ಲೇ ಹಾದು, ಟವರ್ ಆಫ್ ಲಂಡನ್ ಕಡೆಗೆ ಹೋಗುತ್ತದೆ. ಟಿಕೆಟ್ 1.75 ಪೌಂಡ್. ನಮ್ಮ ಲೆಕ್ಕದಲ್ಲಿ ಸುಮಾರು 200 ರೂಪಾಯಿ. ಇದೇ ರಸ್ತೆಗಳಲ್ಲಿ ಸುತ್ತಿಸುವ ಟೂರಿಸ್ಟ್ ಬಸ್ಸಿಗೆ ಇದರ ಹತ್ತು ಪಟ್ಟಿಗೂ ಜಾಸ್ತಿ ಕೊಡಬೇಕು.

ಹೊರಡುವ ಮೊದಲು ಎಲ್ಲರೂ ಹೇಳಿದ್ದು ಒಂದೇ ಮಾತು, ಲಂಡನ್ ಬಲು ದುಬಾರಿ ಅಂತ. ಹೌದು, ದುಬಾರಿಯೇ. ಆದರೆ ನೋಡುವುದಕ್ಕೆ ಅಲ್ಲಿ ಅಷ್ಟು ದುಡ್ಡು ಬೇಡ. ದುಡ್ಡು ಹೋಗುವುದು ರೂಮಿಗೆ ಮತ್ತು ಅವಸರಕ್ಕೆ.

ಅವಸರ ಏರ್‌ಪೋರ್ಟಿನಲ್ಲೇ ಶುರುವಾಗುತ್ತದೆ. ಹೀಥ್ರೂವಿನಿಂದ ಊರೊಳಗೆ ಮೂರು ಥರ ರೈಲು ಇವೆ. ಹೀಥ್ರೂ ಎಕ್ಸ್‌ಪ್ರೆಸ್ ಕಾಲು ಗಂಟೆಯಲ್ಲಿ ಊರೊಳಗಿನ ಪ್ಯಾಡಿಂಗ್ಟನ್ ಸ್ಟೇಷನ್ ತಲುಪಿಸುತ್ತದೆ, ಆದರೆ ದರ ಎಲ್ಲಕ್ಕಿಂತ ಜಾಸ್ತಿ. ಎಲಿಜಬೆತ್ ಲೈನ್ ದರದಲ್ಲೂ ಸಮಯದಲ್ಲೂ ನಡುವಿನದು. ಪಿಕಾಡಿಲಿ ಲೈನ್ ಅನ್ನುವ ಮೆಟ್ರೊ ಎಲ್ಲಕ್ಕಿಂತ ಅಗ್ಗ. ಒಂದು ಗಂಟೆ ಹಿಡಿಯುತ್ತದೆ. ಅಲ್ಲಿಂದಲೇ ಹೊರಡುವ ರೈಲಾದ್ದರಿಂದ ಲಗೇಜ್ ಇಟ್ಟುಕೊಂಡು ಆರಾಮಾಗಿ ಕೂತು ಬಂದೆವು. ಹತ್ತು ಗಂಟೆ ವಿಮಾನದಲ್ಲಿ ಕೂತವರಿಗೆ ಇನ್ನೊಂದು ಗಂಟೆ ಏನು ಮಹಾ, ಅಲ್ವಾ?

ಟಿಕೆಟ್ ಅಂದೆನಲ್ಲ, ಕೈಯಲ್ಲಿ ಹಿಡಿಯುವ ಟಿಕೆಟ್ ಇಲ್ಲ. ಅಲ್ಲಿನ ಬಸ್ಸುಗಳಲ್ಲಿ ನಗದು ತೆಗೆದುಕೊಳ್ಳುವುದಿಲ್ಲ. ಹಳದಿ ರೀಡರ್‌ಗೆ ಬ್ಯಾಂಕ್ ಕಾರ್ಡ್ ತಾಗಿಸಿದರೆ ಮುಗಿಯಿತು. ಒಂದು ಸಲ ತಾಗಿಸಿದ ಮೇಲೆ ಒಂದು ಗಂಟೆಯೊಳಗೆ ಎಷ್ಟು ಬಸ್ ಬದಲಾಯಿಸಿದರೂ ಅದೇ 1.75 ಪೌಂಡ್. ದಿನಕ್ಕೆ 5.25 ಪೌಂಡ್ ಆಯಿತು ಅಂದರೆ ಆಮೇಲೆ ಹತ್ತುವ ಬಸ್ಸಿಗೆಲ್ಲ ಕಾಸು ಕಟ್ ಆಗುವುದಿಲ್ಲ. ಇವೆಲ್ಲ ನಾವು ಹೋದಾಗಿನ ದರ. ಹೊರಡುವ ಮುಂಚೆ ಒಮ್ಮೆ ನೋಡಿಕೊಳ್ಳಿ.

ಇಲ್ಲಿ ನಾನೊಂದು ತಪ್ಪು ಮಾಡಿದೆ, ನೀವು ಮಾಡಬೇಡಿ. ಎರಡನೇ ದಿನ ಮೆಟ್ರೊಗೆ ಫೋನ್ ತಾಗಿಸಿ ಒಳಗೆ ಹೋದೆ, ಹೊರಗೆ ಬರುವಾಗ ಕಾರ್ಡ್ ತಾಗಿಸಿದೆ. ಫೋನಿನೊಳಗಿರುವುದು ಅದೇ ಕಾರ್ಡ್ ಆಗಿದ್ದರೂ ಯಂತ್ರಕ್ಕೆ ಅವೆರಡೂ ಬೇರೆ ಬೇರೆ. ಎರಡು ಅರ್ಧಂಬರ್ಧ ಪ್ರಯಾಣ ಅಂತ ಲೆಕ್ಕ ಹಾಕಿ, ಎರಡಕ್ಕೂ ಅತಿ ಹೆಚ್ಚಿನ ದರ ಹಿಡಿಯಿತು. ಬೆಳಗ್ಗೆ ಯಾವುದರಿಂದ ಶುರು ಮಾಡುತ್ತೀರೋ ರಾತ್ರಿವರೆಗೂ ಅದನ್ನೇ ತಾಗಿಸಿ. ಒಬ್ಬೊಬ್ಬರಿಗೆ ಒಂದೊಂದು ಕಾರ್ಡ್ ಬೇಕು. ಮಾರ್ಕಪ್ (ಕರೆನ್ಸಿ ಬದಲಾಯಿಸುವಾಗ ಬ್ಯಾಂಕ್ ಹಿಡಿಯುವ ಹೆಚ್ಚುವರಿ ಶುಲ್ಕ) ಇಲ್ಲದ, ವಿದೇಶದಲ್ಲಿ ಬಳಸುವ ಫಾರೆಕ್ಸ್ ಕಾರ್ಡ್ ಆದರೆ ಒಳ್ಳೆಯದು. ಹನ್ನೊಂದು ವರ್ಷದೊಳಗಿನ ಮಕ್ಕಳು ದೊಡ್ಡವರ ಜೊತೆ ಇದ್ದರೆ ಬಸ್, ಮೆಟ್ರೊ ಎರಡೂ ಫ್ರೀ.

ರೂಮಿನ ವಿಷಯ ಬೇಗ ಹೇಳಿಬಿಡುತ್ತೇನೆ. ಜುಲೈನಿಂದ ಸೆಪ್ಟೆಂಬರ್ ತನಕ ಯೂನಿವರ್ಸಿಟಿ ಹಾಸ್ಟೆಲ್‌ಗಳು ಖಾಲಿ ಇರುತ್ತವೆ, ಪ್ರವಾಸಿಗರಿಗೂ ಕೊಡುತ್ತಾರೆ. ಅಡುಗೆಮನೆ ಇರುವುದನ್ನೇ ಹುಡುಕಿ ಹಿಡಿದೆವು. ಅವಲಕ್ಕಿ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಊರಿಂದಲೇ ಒಯ್ದಿದ್ದೆವು. ತುಪ್ಪ, ಹಾಲಿನ ಸಿಹಿ, ಮಾಂಸದ ಪದಾರ್ಥ ಒಯ್ಯುವಂತಿಲ್ಲ, ಅದು ನೆನಪಿರಲಿ.

ಮಧ್ಯಾಹ್ನದ ಊಟಕ್ಕೆ ಸೂಪರ್ ಮಾರ್ಕೆಟ್‌ಗಳಲ್ಲಿ ಮೀಲ್ ಡೀಲ್ ಅಂತ ಸಿಗುತ್ತದೆ. ಒಂದು ಸ್ಯಾಂಡ್‌ವಿಚ್, ಒಂದು ತಿಂಡಿ, ಒಂದು ಜ್ಯೂಸ್, ಮೂರೂ ಸೇರಿ ನಾಲ್ಕು ಪೌಂಡ್ ಆಸುಪಾಸು. ಆದರೆ ಅಲ್ಲಿ ವೆಜಿಟೇರಿಯನ್ ಅಂದರೆ ಮೊಟ್ಟೆಯೂ ಸೇರಿದೆ. ಅಮ್ಮ ಮೊಟ್ಟೆ ತಿನ್ನುವುದಿಲ್ಲ. ವೀಗನ್ ಅಂತ, ಅಂದರೆ ಹಾಲು, ಮೊಟ್ಟೆ ಯಾವುದೂ ಇಲ್ಲದ್ದು ಅಂತ ಬರೆದದ್ದನ್ನು ತೆಗೆದುಕೊಂಡರೆ ಆ ಚಿಂತೆ ಇಲ್ಲ. ದೋಸೆ, ಭೇಲ್ ತಿನ್ನುವ ಆಸೆಯಾದರೆ ಯೂಸ್ಟನ್ ಸ್ಟೇಷನ್ ಪಕ್ಕದ ಡ್ರಮಂಡ್ ಸ್ಟ್ರೀಟ್‌ಗೆ ಹೋಗಿ. ನೀರಿನ ಬಾಟಲ್ ಕೊಳ್ಳಲೇಬೇಡಿ, ನಲ್ಲಿ ನೀರೇ ಕುಡಿಯಬಹುದು.

ಇನ್ನು ಮ್ಯೂಸಿಯಂಗಳು. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಬ್ರಿಟಿಷ್ ಮ್ಯೂಸಿಯಂ, ನ್ಯಾಷನಲ್ ಗ್ಯಾಲರಿ, ಟೇಟ್ ಮಾಡರ್ನ್, ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ, ಎಲ್ಲ ಉಚಿತ. ವಿಶೇಷ ಪ್ರದರ್ಶನಗಳಿಗೆ ಮಾತ್ರ ದುಡ್ಡು. ನಮಗೆ ತುಂಬಾ ಹತ್ತಿರವಾಗಿದ್ದು ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಂ. ಟಿಪ್ಪುವಿನ ಹುಲಿ ಇರುವುದು ಇಲ್ಲೇ.

ನಮ್ಮದು ಮಂಡ್ಯ. ಶ್ರೀರಂಗಪಟ್ಟಣಕ್ಕೆ ಅಮ್ಮ ಎಷ್ಟು ಸಲ ಹೋಗಿದ್ದಾರೋ ಲೆಕ್ಕವಿಲ್ಲ. 1799ರಲ್ಲಿ ಕೋಟೆ ಬಿದ್ದ ಮೇಲೆ ಅರಮನೆಯಿಂದ ಹೊತ್ತು ತಂದ ಮರದ ಹುಲಿ ಇದು. ಹೆಚ್ಚುಕಡಿಮೆ ನಿಜವಾದ ಹುಲಿಯಷ್ಟೇ ದೊಡ್ಡದು, ಯೂರೋಪಿನ ಸೈನಿಕನ ಮೇಲೆ ಎರಗಿದೆ. ಹೊಟ್ಟೆಯೊಳಗೆ ಆರ್ಗನ್ ವಾದ್ಯ ಇದೆ. ಹಿಡಿಕೆ ತಿರುಗಿಸಿದರೆ ಹುಲಿ ಗುರುಗುಟ್ಟುತ್ತದೆ, ಸೈನಿಕ ನರಳುತ್ತಾನೆ. ಈಗ ಗಾಜಿನೊಳಗೆ ಸುಮ್ನೆ ನಿಂತಿದೆ. "ಇಷ್ಟು ದೂರ ಬಂದು ನಮ್ಮೂರಿನ ಸಾಮಾನು ನೋಡೋ ಹಂಗಾಯ್ತಲ್ಲಪ್ಪಾ" ಅಂದರು ಅಮ್ಮ. ಆಮೇಲೆ ತುಂಬಾ ಹೊತ್ತು ಮಾತಾಡಲಿಲ್ಲ. ಅಲ್ಲಿಂದ ಅವರನ್ನು ಬೇಗ ಹೊರಡಿಸುವ ಮನಸ್ಸು ನನಗೂ ಬರಲಿಲ್ಲ. ನೀವು ಹೋಗುವುದಾದರೆ ಹುಲಿಯನ್ನು ಆಗ ಎಲ್ಲಿ ಇಟ್ಟಿದ್ದಾರೆ ಅಂತ ಮ್ಯೂಸಿಯಂ ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ. ಶುಕ್ರವಾರ ರಾತ್ರಿ ಹತ್ತರವರೆಗೆ ತೆರೆದಿರುತ್ತದೆ, ಅದಕ್ಕೆ ನಾವು ಶುಕ್ರವಾರ ಸಂಜೆಯೇ ಹೋದೆವು.

ಸೇಂಟ್ ಪಾಲ್ಸ್, ವೆಸ್ಟ್‌ಮಿನ್‌ಸ್ಟರ್ ಅಬ್ಬೆ ಎರಡಕ್ಕೂ ಪ್ರವೇಶ ದುಬಾರಿ. ಆದರೆ ಸಂಜೆಯ ಈವನ್‌ಸಾಂಗ್ ಪ್ರಾರ್ಥನೆಗೆ ಯಾರು ಬೇಕಾದರೂ ಉಚಿತವಾಗಿ ಹೋಗಿ ಕೂರಬಹುದು. ನಾವು ಸೇಂಟ್ ಪಾಲ್ಸ್‌ಗೆ ಹೋದೆವು. ಅಷ್ಟೆತ್ತರದ ಗುಮ್ಮಟದ ಕೆಳಗೆ ಆ ಹಾಡು ಕೇಳಬೇಕು. ಅದು ಪೂಜೆಯ ಹೊತ್ತು, ಹಾಗಾಗಿ ವಿಡಿಯೊ ಮಾಡಲಿಲ್ಲ. ನೀವೂ ಫೋನ್ ಒಳಗಿಡಿ.

ಕೊನೆಯ ದಿನ ವೆಸ್ಟ್‌ಮಿನ್‌ಸ್ಟರ್ ಸೇತುವೆ ದಾಟಿ, ಥೇಮ್ಸ್ ದಂಡೆ ಹಿಡಿದು ಲ್ಯಾಂಬೆತ್ ಕಡೆಗೆ ನಡೆದೆವು. ದಾರಿಯ ಗೋಡೆ ತುಂಬಾ ಕೆಂಪು ಹೃದಯದ ಚಿತ್ರಗಳು. ಕೋವಿಡ್‌ನಲ್ಲಿ ತೀರಿಕೊಂಡವರಿಗಾಗಿ ಬರೆದವು. ಅದನ್ನು ದಾಟಿ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ಗೆ ಬಂದರೆ ನಮ್ಮ ಬಸವಣ್ಣನವರ ಪ್ರತಿಮೆ. 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅನಾವರಣ ಮಾಡಿದ್ದು. ಹೊಳೆಯ ಆಚೆ ದಡದಲ್ಲಿ ಬ್ರಿಟಿಷ್ ಪಾರ್ಲಿಮೆಂಟ್. ಅಮ್ಮ ಶೂ ಬಿಚ್ಚಿ ಪಕ್ಕಕ್ಕಿಟ್ಟು ಕೈ ಮುಗಿದರು. ಆಮೇಲೆ ಡಬ್ಬಿ ತೆಗೆದು ಅಲ್ಲೇ ಅವಲಕ್ಕಿ ತಿಂದೆವು.

ವಾಪಸ್ ಬರುವಾಗ ವಾಕ್ಸ್‌ಹಾಲ್ ಕಡೆಗೆ ನಡೆಯಿರಿ, ಬಸ್ಸುಗಳು ಜಾಸ್ತಿ. ಅಮ್ಮನಿಗೆ ಮತ್ತೆ ಮೇಲಿನ ಮಹಡಿಯ ಮುಂದಿನ ಸೀಟೇ ಬೇಕಿತ್ತು. ಎರಡು ಬಸ್ ಬಿಟ್ಟು ಮೂರನೆಯದಕ್ಕೆ ಹತ್ತಿದೆವು.