ಡೆಕ್ ತೊಳೆದಾಯ್ತು, ಸ್ಟೇನ್ ಡಬ್ಬಿ ಮಾತ್ರ ಈಗಲೇ ತೆರೆಯಬೇಡಿ

ಇದು ನಮ್ಮ ಮನೆ ಹಿಂದಿನ ಡೆಕ್, ಅಂದರೆ ಮರದ ಹಲಗೆಯ ಜಗಲಿ, ತೊಳೆದು ಮುಗಿಸಿದ ಸಂಜೆ ತೆಗೆದ ಶಾಟ್. ಚೆನ್ನಾಗಿ ಕಾಣುತ್ತಿದೆ ಅಲ್ವಾ? ಮಳೆಗಾಲದ ಪಾಚಿ ಹೋಯಿತು, ಸಿಲ್ವರ್ ಓಕ್ ಎಲೆ ಕೊಳೆತು ಕೂತಿದ್ದ ಕಪ್ಪು ಹೋಯಿತು, ನಮ್ಮ ನಾಯಿ ದಿನಾ ತೋಟದಿಂದ ಹೊತ್ತು ತರುವ ಕೆಸರೂ ಹೋಯಿತು. ಹೀಗೆ ಹೊಳೆಯುತ್ತಾ ಕೂತರೆ ಕೈ ಸುಮ್ನೆ ಇರುವುದಿಲ್ಲ, ಬೆಳಿಗ್ಗೆಯೇ ಸ್ಟೇನ್‌ಗೆ, ಅಂದರೆ ಮರ ಹೀರಿಕೊಳ್ಳುವ ಬಣ್ಣಕ್ಕೆ, ಬ್ರಷ್ ಅದ್ದಿಬಿಡೋಣ ಅನ್ನಿಸುತ್ತದೆ.

ಹೋದ ವರ್ಷ ಅದ್ದಿದೆ. ಭಾನುವಾರ ತೊಳೆದು ಸೋಮವಾರ ಮಧ್ಯಾಹ್ನ ಹಚ್ಚಿದೆ, ಫೋಟೊ ಹಾಕಿದೆ, ಎಲ್ಲರೂ ಸೂಪರ್ ಅಂದರು, ಜೂನ್‌ನಲ್ಲಿ ಮಳೆ ಹಿಡಿಯಿತು, ಆಗಸ್ಟ್ ಹೊತ್ತಿಗೆ ಬಣ್ಣ ಹಾವಿನ ಪೊರೆಯ ಹಾಗೆ ಎದ್ದು ಬಂತು. ಅಪ್ಪ ಬಂದು ಕಾಲಿನ ಹೆಬ್ಬೆರಳಲ್ಲಿ ಒಮ್ಮೆ ಕೆರೆದು ನೋಡಿದರು. ಬೈಯಲಿಲ್ಲ. "ಹಸಿ ಕಾಫಿನ ಚೀಲಕ್ಕೆ ತುಂಬ್ತೀಯಾ ಮಗಳೇ?" ಅಂತ ಕೇಳಿ ಹೋದರು.

ನಮ್ಮದು ಕೊಡಗಿನ ಸುಂಟಿಕೊಪ್ಪದ ಹತ್ತಿರ ಕಾಫಿ ತೋಟ. ಹುಟ್ಟಿದಾಗಿನಿಂದ ಕಣ ನೋಡಿಕೊಂಡೇ ಬೆಳೆದವಳು ನಾನು. ಪಾರ್ಚ್‌ಮೆಂಟ್‌ನಲ್ಲಿ (ಹಣ್ಣಿನ ಸಿಪ್ಪೆ ತೆಗೆದು ತೊಳೆದ ಕಾಫಿ) ತೇವ 10 ಪರ್ಸೆಂಟ್‌ಗೆ ಇಳಿಯದೆ ಚೀಲ ಹೊಲಿಯುವುದಿಲ್ಲ, ಸಿಪ್ಪೆ ಸಮೇತ ಒಣಗಿಸುವ ಚೆರ್ರಿ ಆದರೆ ಮುಷ್ಟಿಯಲ್ಲಿ ಹಿಡಿದು ಕಿವಿ ಹತ್ತಿರ ಅಲ್ಲಾಡಿಸುತ್ತೇವೆ, ಒಳಗೆ ಗಲಗಲ ಅಂದರೆ ಒಣಗಿದೆ ಅಂತ. ಇಷ್ಟೆಲ್ಲಾ ಗೊತ್ತಿದ್ದೂ ಮರದ ವಿಷಯ ಬಂದಾಗ ತಲೆ ಓಡಲೇ ಇಲ್ಲ. ನೀರು ಕುಡಿದು ಹೊಟ್ಟೆ ತುಂಬಿರುವ ಹಲಗೆ ಸ್ಟೇನ್ ಎಲ್ಲಿಂದ ಕುಡಿಯಬೇಕು? ಅದು ಮೇಲೇ ಕೂರುತ್ತದೆ. ಮೇಲೆ ಕೂತಿದ್ದು ಏಳುತ್ತದೆ.

ತೊಳೆದಿದ್ದನ್ನು ಹೋದ ವಿಡಿಯೊದಲ್ಲಿ ತೋರಿಸಿದ್ದೇನೆ, ಬೇಗ ಹೇಳಿಬಿಡುತ್ತೇನೆ. ಸೋಡಿಯಂ ಪರ್‌ಕಾರ್ಬೊನೇಟ್ ಅನ್ನುವ ಕೊಳೆ ಬಿಡಿಸುವ ಪುಡಿ ನೀರಿನಲ್ಲಿ ಕರಗಿಸಿ ಹಾಕಿ, ಹತ್ತು ಹದಿನೈದು ನಿಮಿಷ ಬಿಟ್ಟು, ಬ್ರಷ್‌ನಲ್ಲಿ ಉಜ್ಜಿ, ನೀರನ್ನು ರಭಸವಾಗಿ ಚಿಮ್ಮಿಸುವ ಪ್ರೆಶರ್ ವಾಷರ್‌ನ ಪ್ರೆಶರ್ ತುಂಬಾ ಕಡಿಮೆ ಇಟ್ಟು ತೊಳೆದೆ. ಅಂಗಳದ ಪಾಚಿಗೆ ಹಾಕುವ ಬ್ಲೀಚಿಂಗ್ ಪೌಡರ್ ಮರಕ್ಕೆ ಬೇಡ, ಅದು ಮರದ ಎಳೆಯನ್ನೇ ತಿನ್ನುತ್ತದೆ.

ಆದರೆ ಇಲ್ಲಿ ನೋಡಿ, ಮೊಳೆಗಳ ಸುತ್ತ. ಕ್ಯಾಮೆರಾ ಹತ್ತಿರ ತರುತ್ತೇನೆ. ನೇರಳೆ ಹಣ್ಣು ತಿಂದ ನಾಲಿಗೆಯ ಹಾಗೆ ಕಪ್ಪು ನೀಲಿ ಕಲೆ, ಎಷ್ಟು ಉಜ್ಜಿದರೂ ಹೋಗಲಿಲ್ಲ. ಇದು ಕೊಳೆ ಅಲ್ಲ. ನಮ್ಮ ಡೆಕ್ ಹಲಗೆಗಳು ಅಜ್ಜನ ಕಾಲದ ಹಳೇ ಮನೆ ಬಿಚ್ಚಿದಾಗ ಸಿಕ್ಕಿದ್ದು, ಕೆಲವು ತೇಗ, ಕೆಲವು ಮತ್ತಿ. ಮರದೊಳಗಿನ ಒಗರು ಅಂಶ ಟ್ಯಾನಿನ್‌ಗೆ ಕಬ್ಬಿಣದ ಮೊಳೆ ಮತ್ತು ನೀರು ಸೇರಿದರೆ ಈ ಬಣ್ಣ ಬರುತ್ತದೆ. ಇದಕ್ಕೆ ಆಕ್ಸಾಲಿಕ್ ಆಸಿಡ್ ಬೇಕು, ಹಾರ್ಡ್‌ವೇರ್ ಅಂಗಡಿಯಲ್ಲಿ ಬಿಳಿ ಹರಳಿನ ಹಾಗೆ ಸಿಗುತ್ತದೆ. ಲೀಟರ್ ನೀರಿಗೆ 30 ಗ್ರಾಂ ಆಸುಪಾಸು, ಪ್ಲಾಸ್ಟಿಕ್ ಬಕೆಟ್‌ನಲ್ಲಿ ಮಾತ್ರ. ವಿಷ ಅದು, ಗ್ಲೌಸ್ ಕನ್ನಡಕ ಎರಡೂ ಹಾಕಿಕೊಳ್ಳಿ, ಮಕ್ಕಳನ್ನು ಆಚೆ ಕಳಿಸಿ. ಡೆಕ್ ಪಕ್ಕದಲ್ಲೇ ಮೆಣಸಿನ ಬಳ್ಳಿ ಇದೆ, ಅದರ ಬುಡಕ್ಕೆ ಮೊದಲೇ ಚೆನ್ನಾಗಿ ನೀರು ಬಿಟ್ಟು ಪ್ಲಾಸ್ಟಿಕ್ ಹಾಳೆ ಮುಚ್ಚಿದ್ದೆ. ಹದಿನೈದು ನಿಮಿಷದಲ್ಲಿ ಕಲೆ ಮಂಕಾಗುತ್ತಾ ಹೋಗಿದ್ದನ್ನು ಸ್ಪೀಡ್ ಹೆಚ್ಚಿಸಿ ಹಾಕಿದ್ದೇನೆ, ನೋಡಿ. ಇದನ್ನು ತೊಳೆದ ದಿನವೇ ಮುಗಿಸಿಕೊಳ್ಳಿ, ಯಾಕಂದರೆ ಮತ್ತೆ ಪೂರ್ತಿ ನೀರು ಹೊಡೆದು ತೊಳೆಯಲೇಬೇಕು. ಸರಿಯಾಗಿ ತೊಳೆಯದೆ ಬಿಟ್ಟು ಆಮೇಲೆ ಉಜ್ಜಿದರೆ ಒಣಗಿ ಉಳಿದ ಆಸಿಡ್ ಪುಡಿ ಎದ್ದು ಮೂಗಿಗೆ, ಎದೆಗೆ ಹೋಗುತ್ತದೆ.

ಇನ್ನು ಒಣಗಿಸುವುದು. ಎರಡು ದಿನ ಸಾಕು ಅಂತ ಎಲ್ಲರೂ ಹೇಳುತ್ತಾರೆ. ಅವರು ಜನವರಿಯಲ್ಲಿ ಕೊಡಗಿಗೆ ಬಂದು ನೋಡಲಿ. ಮಧ್ಯಾಹ್ನ ಬಿಸಿಲು ಚುರುಕು ಹೌದು, ಆದರೆ ರಾತ್ರಿ ಇಬ್ಬನಿ ಸುರಿದು ಬೆಳಿಗ್ಗೆ ಒಂಬತ್ತರವರೆಗೂ ಹಲಗೆ ಮೇಲೆ ಕಾಲಿಟ್ಟರೆ ಹೆಜ್ಜೆ ಮೂಡುತ್ತದೆ. ಹಗಲು ಒಣಗಿದ್ದರಲ್ಲಿ ಸ್ವಲ್ಪ ರಾತ್ರಿ ವಾಪಸ್. ಕಣದಲ್ಲಿ ಸಂಜೆ ಕಾಫಿ ಗುಡ್ಡೆ ಮಾಡಿ ಟಾರ್ಪಾಲ್ ಹೊದಿಸುತ್ತಾರಲ್ಲ, ಅದೇ ಉಪಾಯ ಮಾಡೋಣ ಅಂತ ಮೊದಲ ರಾತ್ರಿ ಡೆಕ್ ಮೇಲೂ ಒಂದು ಎಳೆದೆ. ಬೆಳಿಗ್ಗೆ ಎತ್ತಿ ನೋಡಿದರೆ ಕೆಳಗಡೆ ಎಲ್ಲಾ ಬೆವರು! ಮರ ಬಿಟ್ಟ ತೇವ ಹೊರಗೆ ಹೋಗಲು ದಾರಿಯೇ ಇರಲಿಲ್ಲ. ಎರಡನೇ ರಾತ್ರಿ ಬಿದಿರು ಕಟ್ಟಿ ಮೂರಡಿ ಎತ್ತರಕ್ಕೆ ಚಪ್ಪರದ ಹಾಗೆ ಮಾಡಿದೆ, ಗಾಳಿ ಆಡಿತು, ಸರಿ ಹೋಯಿತು.

ಈ ಚಿಕ್ಕ ಮೀಟರ್ ನೋಡಿ, ಎರಡು ಪಿನ್ ಇದೆ, ಹಲಗೆಗೆ ಒತ್ತಿದರೆ ತೇವ ಎಷ್ಟು ಅಂತ ತೋರಿಸುತ್ತದೆ. ಅಪ್ಪನ ಕಾಫಿ ಮೀಟರ್ ಇದಕ್ಕೆ ಆಗುವುದಿಲ್ಲ, ಕೇಳಿ ನೋಡಿದೆ, ಕೈಯಿಂದಲೇ ಕಿತ್ತುಕೊಂಡರು. ಮೊದಲ ದಿನ 24 ಪರ್ಸೆಂಟ್. ಎರಡನೇ ದಿನ 19. ಮೂರನೇ ದಿನ ನಡು ಭಾಗ 15, ಖುಷಿಯಾಯಿತು, ಆಮೇಲೆ ನೀರಿನ ಟ್ಯಾಂಕಿನ ನೆರಳು ಬೀಳುವ ಮೂಲೆಯಲ್ಲಿ ಒತ್ತಿದರೆ ಇನ್ನೂ 18. ಹದಿನೈದು ಅಥವಾ ಅದಕ್ಕಿಂತ ಕೆಳಗೆ ಬರಬೇಕು, ಅದೂ ಎಲ್ಲಾ ಕಡೆ. ಹಾಗಾಗಿ ಇನ್ನೊಂದು ದಿನ ಕಾಯುವುದು.

ಕಾಯುವ ದಿನಗಳಲ್ಲಿ ಮೊಳೆ ಕೆಲಸ ಮಾಡಿಕೊಳ್ಳಿ. ಮಳೆಗೆ ಉಬ್ಬಿ, ಬಿಸಿಲಿಗೆ ಕುಗ್ಗಿ, ಮೊಳೆಗಳು ತಲೆ ಎತ್ತಿರುತ್ತವೆ. ಸಡಿಲವಾದದ್ದು ಕಿತ್ತು ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಹಾಕಿದೆ, ಗಟ್ಟಿ ಇದ್ದದ್ದನ್ನು ಪಂಚ್ ಇಟ್ಟು ಹೊಡೆದು ಮರದೊಳಗೆ ತಳ್ಳಿದೆ. ನಲವತ್ತೇಳು ಮೊಳೆ. ಒಂದನ್ನು ಬಿಟ್ಟಿದ್ದೆ, ಅದೇ ಒಂದು ಆಮೇಲೆ ಮರ ಉಜ್ಜುವ ಯಂತ್ರ ಸ್ಯಾಂಡರ್‌ನ ಪೇಪರನ್ನು ಪರ್ ಅಂತ ಹರಿದು ಹಾಕಿತು. ಹಲಗೆಗಳ ಸಂದಿಯಲ್ಲಿ ಸಿಕ್ಕಿಕೊಂಡ ಎಲೆ, ಕಡ್ಡಿ ಎಲ್ಲಾ ಹಳೇ ಹ್ಯಾಕ್ಸಾ ಬ್ಲೇಡ್‌ನಲ್ಲಿ ಕೆರೆದು ತೆಗೆದೆ. ಒಂದು ಬಕೆಟ್ ತುಂಬಾ ಬಂತು, ಇದು ಇದ್ದರೆ ನೀರು ಕೆಳಗೆ ಇಳಿಯುವುದೇ ಇಲ್ಲ.

ಈಗ ಈ ಹಲಗೆ ಮೇಲೆ ಕೈ ಆಡಿಸುತ್ತೇನೆ, ಸೌಂಡ್ ಕೇಳಿಸಿಕೊಳ್ಳಿ. ಸರಸರ. ಬಿಸಿಲಿಗೆ ಓರೆಯಾಗಿ ನೋಡಿದರೆ ಬೆಕ್ಕಿನ ಕಿವಿಯ ಮೇಲಿನ ಕೂದಲಿನ ಹಾಗೆ ಸಣ್ಣ ಸಣ್ಣ ಎಳೆ ಎದ್ದು ನಿಂತಿರುವುದು ಕಾಣುತ್ತದೆ. ನೀರು ಬಿದ್ದರೆ ಎಳೆಗಳು ಉಬ್ಬಿ ಏಳುತ್ತವೆ, ವಾಷರ್ ಹೊಡೆದರೆ ಇನ್ನೂ ಜಾಸ್ತಿ. ಇದರ ಮೇಲೆ ಸ್ಟೇನ್ ಹಚ್ಚಿದರೆ ಅಲ್ಲಲ್ಲಿ ಕಪ್ಪು ಕಪ್ಪಾಗಿ ಹಿಡಿಯುತ್ತದೆ, ಬರಿಗಾಲಲ್ಲಿ ನಡೆದವರಿಗೆ ಸಿಬಿರು ಚುಚ್ಚುತ್ತದೆ. ಹಾಗಾಗಿ ಉಜ್ಜಲೇಬೇಕು.

ಸ್ಯಾಂಡರ್ ನಮ್ಮೂರಿನ ಆಚಾರಿಯವರದ್ದು. ಅವರೂ ನೋಡಲು ಬಂದಿದ್ದರು. ಮೊದಲು 60 ನಂಬರ್ ಪೇಪರ್, ಆಮೇಲೆ 80, ನಂಬರ್ ಹೆಚ್ಚಾದಷ್ಟೂ ನುಣುಪು. "ಆಚಾರ್ರೇ, 120 ಕೂಡ ಹೊಡೆದು ನುಣ್ಣಗೆ ಮಾಡಿಬಿಡ್ಲಾ?" ಅಂದೆ. "ಊಟದ ಮೇಜಿಗಾದ್ರೆ ಮಾಡಿ ಅಕ್ಕ. ಇದು ಬಣ್ಣ ಕುಡೀಬೇಕಲ್ಲ" ಅಂದರು. ತುಂಬಾ ನುಣುಪು ಮಾಡಿದರೆ ಮರದ ಬಾಯಿ ಮುಚ್ಚಿಹೋಗುತ್ತದೆ, ಮೊದಲೇ ತೇಗ, ಮತ್ತಿ ಎರಡೂ ಗಟ್ಟಿ ಮರ. ಹಲಗೆಯ ಕೊಯ್ದ ತುದಿಗಳಿಗೆ ಮಾತ್ರ 120 ಹಾಕಿದೆ. ಆ ತುದಿಗಳು ಸ್ಪಂಜಿನ ಹಾಗೆ ಹೀರುತ್ತವೆ, ಸ್ವಲ್ಪ ನುಣ್ಣಗಿದ್ದರೆ ಬಣ್ಣ ಅಲ್ಲಿ ಅತಿಯಾಗಿ ಕಪ್ಪಾಗುವುದಿಲ್ಲ. ಯಾವಾಗಲೂ ಎಳೆ ಹೋಗುವ ದಿಕ್ಕಿನಲ್ಲೇ ಉಜ್ಜಿ, ಅಡ್ಡ ಉಜ್ಜಿದರೆ ಗೀರು ಈಗ ಕಾಣದಿದ್ದರೂ ಸ್ಟೇನ್ ಹಚ್ಚಿದ ಮೇಲೆ ಎದ್ದು ಕಾಣುತ್ತದೆ. ಮಾಸ್ಕ್ ಮರೆಯಬೇಡಿ. ಮೊದಲ ಅರ್ಧ ಗಂಟೆ ನಾನು ಮರೆತಿದ್ದೆ, ರಾತ್ರಿ ಪೂರ್ತಿ ಸೀನಿದೆ.

ಪುಡಿಯನ್ನು ಗುಡಿಸಿ, ವ್ಯಾಕ್ಯೂಮ್ ಹಿಡಿದು, ಒಣ ಬಟ್ಟೆಯಲ್ಲಿ ಒರೆಸಿದೆ. ನೀರು ಹಾಕಿ ತೊಳೆಯಬೇಡಿ, ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ಆಮೇಲೆ ನಾಲ್ಕು ಹನಿ ನೀರು ಬಿಟ್ಟು ನೋಡಿದೆ. ಇಲ್ಲಿ ತೇಗದ ಮೇಲೆ ಹನಿ ಕೆಸುವಿನ ಎಲೆ ಮೇಲಿದ್ದ ಹಾಗೆ ದುಂಡಗೆ ಕೂತಿತು, ಅಂದರೆ ಹಳೇ ಬಣ್ಣ ಇನ್ನೂ ಉಳಿದಿದೆ, ಅಲ್ಲಿ ಮತ್ತೊಮ್ಮೆ 60 ಹೊಡೆದೆ. ಪಕ್ಕದ ಹಲಗೆ ನೋಡಿ, ಎರಡು ನಿಮಿಷದಲ್ಲಿ ಹೀರಿತು. ಒಂದು ಮಾತು: ಹನಿ ಹೀರಿತು ಅಂದರೆ ಮರದ ಬಾಯಿ ತೆರೆದಿದೆ ಅಂತ ಅಷ್ಟೇ, ಒಳಗೆ ಒಣಗಿದೆ ಅಂತ ಅಲ್ಲ. ಒಣಗಿದ್ದು ತಿಳಿಯಲು ಮೀಟರೇ ಬೇಕು.

ಮೂಲೆಯಲ್ಲಿ ಕುಂಡದ ಹಿಂದೆ ಒಂದಂಗೈ ಅಗಲ ಸ್ಟೇನ್ ಹಚ್ಚಿ ನೋಡಿದೆ. ತೇಗದ ಮೇಲೆ ಜೇನಿನ ಬಣ್ಣ ಬಂತು, ಅದೇ ಡಬ್ಬಿಯದು ಮತ್ತಿಯ ಮೇಲೆ ಕಪ್ಪು ಕಾಫಿ. ಇಡೀ ಡೆಕ್ ಪಟ್ಟೆ ಪಟ್ಟೆ ಆಗಲಿದೆ. ನನಗೆ ಇಷ್ಟವಾಯಿತು, ನಮ್ಮ ಅಮ್ಮನಿಗೆ ಇಲ್ಲ.

ನಾಳೆ ಹತ್ತೂವರೆಗೆ, ಇಬ್ಬನಿ ಪೂರ್ತಿ ಆರಿದ ಮೇಲೆ ಶುರು. ಸುಡು ಬಿಸಿಲಿನಲ್ಲಿ ಹಚ್ಚಿದರೆ ಒಳಗೆ ಇಳಿಯುವ ಮೊದಲೇ ಒಣಗುತ್ತದೆ, ಅದಕ್ಕೇ ನೆರಳು ಎತ್ತ ಹೋಗುತ್ತದೋ ಅದರ ಹಿಂದೆಯೇ ಹೋಗಬೇಕು. ಒರೆಸುವ ಬಟ್ಟೆಗಳಿಗೆ ಒಂದು ಬಕೆಟ್ ನೀರು ಈಗಲೇ ಇಟ್ಟಿದ್ದೇನೆ. ಎಣ್ಣೆ ಸ್ಟೇನ್ ಆದ ಬಟ್ಟೆ ಮುದುಡಿ ಬಿಸಾಕಿದರೆ ತನ್ನಷ್ಟಕ್ಕೆ ಬಿಸಿಯಾಗಿ ಹೊತ್ತಿಕೊಳ್ಳಬಹುದು, ಪಕ್ಕದಲ್ಲೇ ನಮ್ಮ ಗೋಡೌನ್ ಬೇರೆ ಇದೆ.

ಈಗ ಐದೂವರೆ, ಚಳಿ ಇಳಿಯುತ್ತಿದೆ, ಚಪ್ಪರ ಎಳೆಯಬೇಕು. ಕಣದ ಕಡೆಯಿಂದ ಅಪ್ಪ ಕೂಗುತ್ತಿರುವುದು ಕೇಳಿಸಿತಾ? ನಾಲ್ಕು ದಿನದಿಂದ ಒಂದು ಟಾರ್ಪಾಲ್ ಹುಡುಕುತ್ತಿದ್ದಾರೆ. ಕೊಯ್ಲು ಮುಗಿಯುವವರೆಗೆ ಅವರು ಮನೆ ಹಿಂದೆ ಬರುವುದಿಲ್ಲ, ನಾನೂ ಹೇಳಿಲ್ಲ.