ಶೆಟ್ಟಿಹಳ್ಳಿ ಚರ್ಚನ್ನು ಕೆಡವುತ್ತಿರುವುದು ನೀರಾ?

[ದೃಶ್ಯ: ಅರ್ಧ ಮುಳುಗಿದ ಚರ್ಚ್, ಡ್ರೋನ್ ಶಾಟ್]

ನಮಸ್ಕಾರ. ನಿಮ್ಮಲ್ಲಿ ತುಂಬಾ ಜನ ಕೇಳಿದ ಪ್ರಶ್ನೆ ಇದು: ಶೆಟ್ಟಿಹಳ್ಳಿ ಚರ್ಚ್ ಪ್ರತಿ ಮಳೆಗಾಲ ಮುಳುಗುತ್ತೆ, ಆದರೂ ನಿಂತಿದೆಯಲ್ಲ, ಹೇಗೆ? ನಿಂತಿದ್ದು ನಿಜ. ಆದರೆ ಇತ್ತೀಚಿನ ವರ್ಷಗಳಲ್ಲಿ ಗೋಡೆಯ ಒಂದಷ್ಟು ಭಾಗ ಬಿದ್ದೇ ಹೋಗಿದೆ. ಹಾಗಾಗಿ ಎರಡೂ ನೋಡೋಣ.

ಬೇಸಿಕ್ಸ್ ಬೇಗ ಮುಗಿಸ್ತೀನಿ. ಹಾಸನ ಜಿಲ್ಲೆ, ಗೊರೂರಿನ ಹತ್ತಿರ. ಹೆಸರು ರೋಸರಿ ಚರ್ಚ್. ಫ್ರೆಂಚ್ ಪಾದ್ರಿಗಳ ಕಾಲದ್ದು, ಗೋಥಿಕ್ ಶೈಲಿ, ಅಂದರೆ ಚೂಪು ಕಮಾನಿನ ಯುರೋಪಿಯನ್ ಶೈಲಿ. ಹೇಮಾವತಿ ಅಣೆಕಟ್ಟಿನ ಹಿನ್ನೀರಿನಲ್ಲಿದೆ.

ಈಗ ನನಗೆ ತಲೆಕೆಟ್ಟ ವಿಷಯ. ಇಂಟರ್ನೆಟ್‌ನಲ್ಲಿ ಹುಡುಕಿ, "1860ರಲ್ಲಿ ಅಬ್ಬೆ ದುಬ್ವಾ ಕಟ್ಟಿಸಿದರು" ಅಂತ ಸಿಗುತ್ತೆ. ಒಂದು ನಿಮಿಷ ನಿಲ್ಲಿ. ದುಬ್ವಾ ಅನ್ನೋ ಈ ಫ್ರೆಂಚ್ ಪಾದ್ರಿ ಭಾರತಕ್ಕೆ ಬಂದಿದ್ದು 1792ರಲ್ಲಿ. ಟಿಪ್ಪು ಸತ್ತ ಮೇಲೆ ಶ್ರೀರಂಗಪಟ್ಟಣಕ್ಕೆ ಬಂದರು. ನಮ್ಮವರ ಹಾಗೇ ಬಟ್ಟೆ ತೊಟ್ಟು, ನಮ್ಮವರ ಊಟ ಉಂಡು ಬದುಕಿದ ಮನುಷ್ಯ. ಜನ ಅವರನ್ನು 'ದೊಡ್ಡ ಸ್ವಾಮಿಯವರು' ಅಂತಿದ್ದರು. ಮೈಸೂರು ಸೀಮೆಯಲ್ಲಿ ಸಿಡುಬಿನ ಲಸಿಕೆ ಹಾಕಿಸಲು ಓಡಾಡಿದವರು. ಆದರೆ 1823ರಲ್ಲಿ ಅವರು ಫ್ರಾನ್ಸಿಗೆ ವಾಪಸ್. 1848ರಲ್ಲಿ ತೀರಿಕೊಂಡರು. ಅಂದರೆ 1860ಕ್ಕೆ ಅವರು ಸತ್ತು 12 ವರ್ಷ! ಮೇಸ್ತ್ರಿಗೆ ಕೂಲಿ ಯಾರು ಕೊಟ್ಟರು ಸ್ವಾಮಿ?

ಹಾಸನ ಸೀಮೆಯಲ್ಲಿ ಕ್ರೈಸ್ತ ರೈತರು ನೆಲೆ ನಿಂತಿದ್ದರಲ್ಲಿ ದುಬ್ವಾ ಪಾತ್ರ ದೊಡ್ಡದು, ಅದಕ್ಕೇ ಹೆಸರು ಅಂಟಿಕೊಂಡಿರಬೇಕು. 1860 ಸರಿಯಾಗಿದ್ದರೆ, ನಾವೀಗ ನೋಡುವ ಈ ಕಮಾನುಗಳು ಅವರ ನಂತರದವರ ಕೆಲಸ. ನೋಡಿ, ಇದಕ್ಕೇ ಅರ್ಧ ವಿಡಿಯೋ ಹೋಯ್ತು.

[ದೃಶ್ಯ: ಇಟ್ಟಿಗೆ ಗೋಡೆ, ಉದುರಿದ ಗಾರೆ, ಕ್ಲೋಸಪ್]

ಗೋಡೆಗೆ ಬರೋಣ. ಬೆಲ್ಲ, ಮೊಟ್ಟೆ ಹಾಕಿ ಕಟ್ಟಿದ್ದು, ಅದಕ್ಕೇ ಗಟ್ಟಿ ಅಂತಾರೆ. ಸುಣ್ಣಕ್ಕೆ ಬೆಲ್ಲ ಬೆರೆಸೋದು ನಮ್ಮ ಕಡೆ ಹಳೇ ಪದ್ಧತಿ, ಅದರಿಂದ ಗಾರೆ ಹದವಾಗಿ ಕೂರುತ್ತೆ. ಆದರೆ ಅಸಲಿ ಕೆಲಸ ಸುಣ್ಣದ್ದು. ಅದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಎಳೆದುಕೊಂಡು, ವರ್ಷಗಟ್ಟಲೆ ನಿಧಾನವಾಗಿ ಮತ್ತೆ ಸುಣ್ಣಕಲ್ಲಾಗುತ್ತೆ. ಕ್ರೆಡಿಟ್ ಮಾತ್ರ ಮೊಟ್ಟೆಗೆ.

ಹಾಗಾದರೆ ಬೀಳ್ತಿರೋದು ಯಾಕೆ? ತೋಟದ ಬೇಲಿ ಕಂಬ ನೋಡಿದ್ದೀರಲ್ಲ? ಮಣ್ಣೊಳಗೆ ಆಳಕ್ಕೆ ಹೂತಿದ್ದು ಚೆನ್ನಾಗಿರುತ್ತೆ, ಮೇಲಿನದೂ ಚೆನ್ನಾಗಿರುತ್ತೆ. ನೆಲದ ಮಟ್ಟದಲ್ಲೇ ಲಡ್ಡು ಹಿಡಿಯೋದು. ಇಲ್ಲೂ ಅದೇ ಕಥೆ. ಮುಳುಗಿದ್ದಕ್ಕಿಂತ, ಮುಳುಗಿ ಒಣಗಿ ಮತ್ತೆ ಮುಳುಗೋದೇ ಜಾಸ್ತಿ ಅಪಾಯ. ಇಟ್ಟಿಗೆ ನೀರು ಕುಡಿಯುತ್ತೆ. ಬೇಸಿಗೆಯಲ್ಲಿ ಆ ನೀರು ಆರುವಾಗ ಅದರಲ್ಲಿ ಕರಗಿದ್ದ ಉಪ್ಪು ಒಳಗೇ ಹರಳುಗಟ್ಟಿ ಇಟ್ಟಿಗೆಯ ಮೈಯನ್ನು ಪುಡಿ ಮಾಡುತ್ತೆ. ಸುಣ್ಣವೂ ಸ್ವಲ್ಪ ಸ್ವಲ್ಪ ಕರಗಿ ಹೋಗುತ್ತೆ. ಸಾಲದ್ದಕ್ಕೆ ಚಾವಣಿ ಇಲ್ಲ. ಮಳೆ ನೀರು ಗೋಡೆಯ ತಲೆಯಿಂದಲೇ ಒಳಗಿಳಿಯುತ್ತೆ.

ಟೈಮ್ ಆಗ್ತಿದೆ, ಉಳಿದದ್ದು ಒಂದೇ ಉಸಿರಲ್ಲಿ. ಅಣೆಕಟ್ಟಿನ ಕೆಲಸ 1960ರ ದಶಕದಲ್ಲಿ ಶುರು, ಮುಗಿದಿದ್ದು 1979ರಲ್ಲಿ. ಸುಮಾರು 37 ಟಿಎಂಸಿ ನೀರು ಹಿಡಿಯುತ್ತೆ. ಹಾಸನ, ಮಂಡ್ಯ, ತುಮಕೂರಿನ ಹೊಲಗಳಿಗೆ ಹೋಗುವ ನೀರದು, ಅದನ್ನು ಬೈಯೋಕಾಗಲ್ಲ. ಊರಿನವರು ಮನೆ, ಗದ್ದೆ ಬಿಟ್ಟು ಬೇರೆ ಕಡೆ ಹೋದರು. ನಾವು ಚರ್ಚಿಗೆ ಅಯ್ಯೋ ಅಂತೀವಿ, ಅವರ ಸುದ್ದಿ ಎತ್ತೋದೇ ಇಲ್ಲ. ಈಗ ಅಲ್ಲಿ ಇರೋದು ಪ್ರೀ-ವೆಡ್ಡಿಂಗ್ ಶೂಟಿನವರು. ದಯವಿಟ್ಟು ಗೋಡೆ ಹತ್ತಬೇಡಿ.

"ಸಿಮೆಂಟ್ ಬಳಿದು ಗಟ್ಟಿ ಮಾಡಬಹುದಲ್ವಾ?" ಬೇಡವೇ ಬೇಡ. ಸಿಮೆಂಟ್ ನೀರನ್ನು ಒಳಗೇ ಕೂಡಿಹಾಕುತ್ತೆ, ಮೆತ್ತನೆ ಇಟ್ಟಿಗೆ ಇನ್ನೂ ಬೇಗ ಒಡೆಯುತ್ತೆ. ಮಾಡೋದಾದರೆ ಬೇಸಿಗೆಯಲ್ಲಿ ನೀರಿಳಿದಾಗ, ಸುಣ್ಣದ ಗಾರೆಯಲ್ಲೇ, ಮೊದಲು ಗೋಡೆಯ ತಲೆ ಮುಚ್ಚಬೇಕು.