ಬೆರಳಿಗೆ ಟಾರ್ಚ್ ಹಿಡಿದರೆ

ಎಲ್ಲರಿಗೂ ನಮಸ್ಕಾರ. ಮೊದಲು ಒಂದು ಕೆಲಸ ಮಾಡಿ. ಮೊಬೈಲ್ ಟಾರ್ಚ್ ಹಚ್ಚಿ ಅದರ ಮೇಲೆ ಬೆರಳಿಡಿ. ಬೆರಳು ಕೆಂಡದ ಹಾಗೆ ಕಾಣುತ್ತಿದೆ ಅಲ್ವಾ? ಟಾರ್ಚಿನ ಬೆಳಕು ಬಿಳಿ. ಅದರಲ್ಲಿದ್ದ ನೀಲಿ, ಹಸಿರನ್ನೆಲ್ಲ ಹೆಚ್ಚುಕಮ್ಮಿ ರಕ್ತವೇ ನುಂಗಿಬಿಟ್ಟಿತು. ಕೆಂಪು ಮಾತ್ರ ಆಚೆ ಬಂತು. ಯಾವ ಬಣ್ಣ ಎಷ್ಟು ಹೋಯಿತು, ಎಷ್ಟು ಉಳಿಯಿತು ಅಂತ ಲೆಕ್ಕ ಇಡುವುದೇ ಸ್ಪೆಕ್ಟ್ರೋಸ್ಕೋಪಿ.

ಈ ಲೆಕ್ಕ ಹಳೆಯದು. 1862ರಲ್ಲಿ ಜರ್ಮನಿಯ ಫೆಲಿಕ್ಸ್ ಹೋಪ್-ಸೈಲರ್ ರಕ್ತದ ಮೂಲಕ ಬೆಳಕು ಹಾಯಿಸಿ, ಬಣ್ಣಗಳ ಸಾಲಿನಲ್ಲಿ ಎರಡು ಕಪ್ಪು ಪಟ್ಟಿಗಳನ್ನು ಗುರುತಿಸಿದರು. ಎರಡು ವರ್ಷದ ಮೇಲೆ ಬ್ರಿಟನ್ನಿನ ವಿಜ್ಞಾನಿ ಸ್ಟೋಕ್ಸ್ ರಕ್ತದಿಂದ ಆಮ್ಲಜನಕ ತೆಗೆದು ನೋಡಿದರು. ಎರಡು ಪಟ್ಟಿ ಹೋಗಿ ಒಂದೇ ಅಗಲವಾದ ಪಟ್ಟಿ ಬಂದಿತ್ತು!

ರಕ್ತದ ಆಮ್ಲಜನಕ ಅಳೆಯಲು ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಮಾಡುವುದೂ ಇದನ್ನೇ. 660 ನ್ಯಾನೋಮೀಟರ್ ತರಂಗಾಂತರದ ಕೆಂಪು, 940ರ ಆಸುಪಾಸಿನ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್, ಎರಡನ್ನೂ ಬೆರಳಿನೊಳಗೆ ಬಿಡುತ್ತದೆ. ಆಮ್ಲಜನಕ ಕಡಿಮೆಯಾದರೆ ರಕ್ತ ಕೆಂಪನ್ನು ಜಾಸ್ತಿ ನುಂಗುತ್ತದೆ. ಆದರೆ ಚರ್ಮ, ಮೂಳೆಗಳೂ ಬೆಳಕು ನುಂಗುತ್ತವಲ್ಲ? ಜಪಾನಿನ ತಾಕುವೊ ಅಒಯಾಗಿ 1970ರ ದಶಕದಲ್ಲಿ ಒಂದು ಉಪಾಯ ಕಂಡುಹಿಡಿದರು. ನಾಡಿಯ ಜೊತೆ ಏರಿಳಿಯುವ ಬೆಳಕನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡರೆ ಸಾಕು, ಮಿಕ್ಕಿದ್ದನ್ನು ಬಿಟ್ಟುಬಿಡಬಹುದು. ನನ್ನ ಪ್ರಕಾರ ಈ ವಿದ್ಯೆಯ ಕಷ್ಟವೆಲ್ಲ ಇಲ್ಲೇ ಇದೆ. ಬೆಳಕು ಹಾಯಿಸುವುದು ಸುಲಭ. ಗದ್ದಲದ ಸಂತೆಯಲ್ಲಿ ಒಬ್ಬರ ದನಿ ಮಾತ್ರ ಕೇಳಿಸಿಕೊಳ್ಳುವುದು ಕಷ್ಟ.

ಲ್ಯಾಬಿನಲ್ಲಿ ಸಕ್ಕರೆ ಪರೀಕ್ಷೆ ನೋಡಿ. ಗ್ಲೂಕೋಸ್‌ಗೆ ಬಣ್ಣವೇ ಇಲ್ಲ. ಅದಕ್ಕೇ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವಕ್ಕೆ, ಅಂದರೆ ಸೀರಮ್‌ಗೆ ಕಿಣ್ವಗಳಿರುವ ದ್ರಾವಣ ಬೆರೆಸುತ್ತಾರೆ. ಅವು ಗ್ಲೂಕೋಸನ್ನೇ ಹುಡುಕಿ ಹಿಡಿದು, ಕೊನೆಗೆ ಗುಲಾಬಿ ಬಣ್ಣ ಹುಟ್ಟಿಸುತ್ತವೆ. ಬಣ್ಣ ಗಾಢವಾದಷ್ಟೂ ಸಕ್ಕರೆ ಜಾಸ್ತಿ. ಯಂತ್ರ 505 ನ್ಯಾನೋಮೀಟರಿನ ಬೆಳಕು ಹಾಯಿಸಿ ಅಳೆಯುತ್ತದೆ. ಯಂತ್ರ ತೋರಿಸುವ ಅಂಕಿ 1 ಅಂದರೆ ಹತ್ತರಲ್ಲಿ ಒಂದು ಪಾಲು ಬೆಳಕು ಪಾರಾಯಿತು. 2 ಅಂದರೆ ನೂರರಲ್ಲಿ ಒಂದು ಪಾಲು.

ಇದಕ್ಕೂ ಮೋಸವಾಗುತ್ತದೆ. ಒಳ್ಳೆಯ ಸೀರಮ್ ಒಣಹುಲ್ಲಿನ ಬಣ್ಣದ್ದು. ರಕ್ತ ತೆಗೆಯುವಾಗ ಕೆಂಪು ರಕ್ತಕಣಗಳು ಒಡೆದರೆ (ಇದೇ ಹಿಮೋಲೈಜ್ ಆಗುವುದು) ಕೆಂಪಾಗುತ್ತದೆ, ಕೊಬ್ಬು ಜಾಸ್ತಿಯಿದ್ದರೆ ಹಾಲಿನಂತೆ ಮಬ್ಬಾಗುತ್ತದೆ, ಕಾಮಾಲೆಯಿದ್ದರೆ ಕಡು ಹಳದಿ. ಯಂತ್ರಕ್ಕೆ ಇದೂ ಬಣ್ಣವೇ ತಾನೇ? 'ಹಿಮೋಲೈಜ್ ಆಗಿದೆ, ಇನ್ನೊಮ್ಮೆ ರಕ್ತ ಕೊಡಿ' ಅಂತ ಲ್ಯಾಬಿನವರು ಕರೆದರೆ ಸುಮ್ನೆ ಬೈಯಬೇಡಿ.

ಇನ್ನು ರಾಮನ್ ವಿಧಾನ. 1928ರಲ್ಲಿ ಸಿ. ವಿ. ರಾಮನ್ ಕಂಡದ್ದು ಇದು: ಅಣುಗಳಿಗೆ ತಾಗಿ ಚದುರಿದ ಬೆಳಕಿನಲ್ಲಿ ಒಂದಿಷ್ಟು ಬಣ್ಣ ಬದಲಿಸಿಕೊಳ್ಳುತ್ತದೆ. ಆ ಬದಲಾವಣೆಯ ವಿನ್ಯಾಸ ಒಂದೊಂದು ಅಣುವಿಗೆ ಒಂದೊಂದು ಥರ. ಬಣ್ಣ ಬೆರೆಸುವ ಕೆಲಸವಿಲ್ಲ. ನೀರೂ ಅಷ್ಟಾಗಿ ಅಡ್ಡಿ ಬರುವುದಿಲ್ಲ. ಆದರೆ ಹೀಗೆ ಬದಲಾಗುವ ಬೆಳಕಿನ ಕಣ ಸುಮಾರು ಕೋಟಿಗೊಂದು. ಅದರ ಮೇಲೆ ಸೀರಮ್ ತಾನೇ ಮಿನುಗಿ, ಆ ಸಣ್ಣ ಸುಳಿವನ್ನೂ ಮುಳುಗಿಸಿಬಿಡುತ್ತದೆ. ಬೆಳ್ಳಿಯ ಸೂಕ್ಷ್ಮ ಕಣ ಬೆರೆಸಿದರೆ ಸಂಕೇತ ಹಲವು ಪಟ್ಟು ಹೆಚ್ಚುತ್ತದೆ. ಇವತ್ತಿನ ಬೆಳ್ಳಿಕಣ ನಾಳೆಯದಕ್ಕೆ ತಾಳೆಯಾಗುವಂತೆ ಮಾಡುವುದು ಇನ್ನೊಂದು ತಲೆನೋವು.

ಕೊನೆಗೆ, ಚುಚ್ಚದೆ ಸಕ್ಕರೆ ಹೇಳುತ್ತೇವೆ ಎನ್ನುವ ವಾಚ್‌ಗಳು. ಇಂಥ ಯಾವ ವಾಚಿಗೂ ಉಂಗುರಕ್ಕೂ ಒಪ್ಪಿಗೆ ಕೊಟ್ಟಿಲ್ಲ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರುವರಿಯಲ್ಲಿ ಎಚ್ಚರಿಸಿತು. ಕಾರಣ ಊಹಿಸಬಹುದು. 100 ಮಿಲಿಲೀಟರ್ ರಕ್ತದಲ್ಲಿ ಗ್ಲೂಕೋಸ್ ಇರುವುದು 100 ಮಿಲಿಗ್ರಾಂ ಆಸುಪಾಸು. ಸುತ್ತಲೂ ನೀರು. ಚರ್ಮ ಸ್ವಲ್ಪ ಬಿಸಿಯಾದರೂ ನೀರು ಬೆಳಕು ನುಂಗುವ ರೀತಿ ಬದಲಾಗುತ್ತದೆ. ಅಂಥ ವಾಚಿನ ಅಂಕಿ ನೋಡಿಕೊಂಡು ಇನ್ಸುಲಿನ್ ತೆಗೆದುಕೊಳ್ಳಲೇಬೇಡಿ. ಸರಿ, ಈಗ ನಿಮ್ಮ ಪ್ರಶ್ನೆ ಕೇಳಿ. ಟಾರ್ಚ್ ಆರಿಸಿದ್ದೀರಿ ತಾನೇ?